ಮೂರನೇ ಹೊರೆಗಲ್ಲು

ಸಂಜೆಯೂಟ ಮುಗಿದು ಮೇಜಿನ ಮೇಲೆ ರೊಟ್ಟಿಯ ಚೂರುಗಳಷ್ಟೇ ಉಳಿದ ಹೊತ್ತಿಗೆ ರೀನೊ ಮಾತು ಶುರುಮಾಡುತ್ತಿದ್ದ. ಅತಿಥಿಗಳು ನಾಳೆ ಎಲ್ಲಿ ಹತ್ತಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಇಳಿದು ರೈಲು ಹಿಡಿದು ಸಂಜೆಗೆ ಮನೆ ಸೇರಬೇಕು ಎಂಬುದನ್ನೆಲ್ಲ ಆ ಮೇಜಿನ ಮೇಲೇ ಹಾಸಿ ತೋರಿಸುತ್ತಿದ್ದ. ಮೇಜಿನ ಅಂಚೇ ಸಮುದ್ರ. ರೊಟ್ಟಿಯ ಗಟ್ಟಿ ತುದಿ ಬೆಟ್ಟ. ವೈನ್ ಬಾಟಲಿಯ ಬಿರಡೆ ಬೆಟ್ಟದ ನೆತ್ತಿಯ ಮೇರಿ ಮಾತೆಯ ಗುಡಿ.

"ಚರ್ಚಿನ ಹಿಂದಿನ ಮೆಟ್ಟಿಲು ಹತ್ತಿ. ಮೊದಲನೇ ಹೊರೆಗಲ್ಲು ಸಿಗೋ ಹೊತ್ತಿಗೆ ನಿಮಗೆ ನನ್ನ ಮೇಲೆ ಸಿಟ್ಟು ಬಂದಿರುತ್ತೆ. ಬರ್ಲಿ. ಅಲ್ಲಿ ಮಾತ್ರ ಕೂರಬೇಡಿ, ಕೂತ್ರೆ ಏಳಲ್ಲ. ಎರಡನೇ ಹೊರೆಗಲ್ಲಿನ ಹತ್ರ ನೀರು ಕುಡೀರಿ. ಅಲ್ಲಿಂದಾಚೆ ಸಿಟ್ಟು ಇಳಿಯುತ್ತೆ."

ಅತಿಥಿಗಳು ನಗುತ್ತಿದ್ದರು. ರೀನೊ ನಗುತ್ತಿರಲಿಲ್ಲ. ನಗಿಸುವ ಮಾತೂ ಅವನದಲ್ಲ, ದಾರಿಯೂ ಅವನದಲ್ಲ. ಎರಡೂ ಅವನ ಹೆಂಡತಿ ತೆಕ್ಲಾಳವು. ಚಳಿಗಾಲದಲ್ಲಿ ಅವಳು ತೀರಿಕೊಂಡಿದ್ದಳು. ಇನ್ನೊಂದು ಸಂಗತಿ ಊರಿಗೆಲ್ಲ ಗೊತ್ತಿತ್ತು, ಅತಿಥಿಗಳಿಗೆ ಗೊತ್ತಿರಲಿಲ್ಲ. ರೀನೊ ಚರ್ಚಿನ ಹಿಂದಿನ ಆ ಮೆಟ್ಟಿಲುಗಳನ್ನು ಜನ್ಮದಲ್ಲಿ ಒಮ್ಮೆಯೂ ಹತ್ತಿದವನಲ್ಲ.

ಅವನು ಲಾ ಸ್ಪೆಜಿಯಾ ಪಟ್ಟಣದವನು. ನಿವೃತ್ತನಾಗುವವರೆಗೆ ರೈಲು ಓಡಿಸಿದವನು. ಮದುವೆಯಾಗಿ ಕಡಲ ದಂಡೆಯ ಈ ಐದೂರುಗಳ ಸೀಮೆಗೆ ಮನೆಯಳಿಯನಾಗಿ ಬಂದ. ಇಲ್ಲಿ ರೈಲೆಂದರೆ ಸುರಂಗ. ಒಂದು ಸುರಂಗದಿಂದ ಹೊರಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದರೊಳಗೆ. ಊರಿನವರು ಅವನಿಗೆ ಹೆಗ್ಗಣ ಎಂದು ಹೆಸರಿಟ್ಟರು. ಹೆಗ್ಗಣ ಬೆಟ್ಟದೊಳಗೆ ಹೋಗುತ್ತದೆ, ಬೆಟ್ಟದ ಮೇಲೆ ಯಾಕೆ ಹೋದೀತು ಎಂದು ಅವನೂ ಹೇಳಿಕೊಳ್ಳುತ್ತಿದ್ದ. ತೆಕ್ಲಾ ಬೆಟ್ಟದವಳು. ಹುಟ್ಟಿದ್ದು ಕಡಿದಾದ ಕಲ್ಲುಗೋಡೆಗಳ ನಡುವಿನ ದ್ರಾಕ್ಷಿ ತಾಕುಗಳಲ್ಲಿ, ಬೆಳೆದದ್ದು ತಲೆಯ ಮೇಲೆ ದ್ರಾಕ್ಷಿ ಬುಟ್ಟಿ ಹೊತ್ತು. ಹೊರೆಗಲ್ಲುಗಳೆಂದರೆ ಅಂಥ ಹೆಂಗಸರಿಗಾಗಿ ಗೋಡೆಯಲ್ಲಿ ತಲೆಯೆತ್ತರಕ್ಕೆ ಕೂರಿಸಿದ ಚಪ್ಪಡಿಗಳು. ಬಗ್ಗದೆ ಬುಟ್ಟಿ ಸರಿಸಿ, ಕತ್ತಿಗೆ ಆರಾಮು ಕೊಟ್ಟು, ಬಗ್ಗದೆ ಮತ್ತೆ ಹೊರಬಹುದು. ನ್ಯಾಷನಲ್ ಪಾರ್ಕಿನವರು ದಾರಿಗಳಿಗೆ ನಂಬರು ಕೊಟ್ಟು ಕಲ್ಲಿನ ಮೇಲೆ ಕೆಂಪು ಬಿಳಿ ಪಟ್ಟಿ ಬಳಿದಿದ್ದಾರೆ. ತೆಕ್ಲಾಗೆ ಆ ನಂಬರು ಕೊನೆಯವರೆಗೂ ತಲೆಗೆ ಹತ್ತಲಿಲ್ಲ. ಅವಳ ಲೆಕ್ಕವೆಲ್ಲ ಹೊರೆಗಲ್ಲಿನಿಂದ ಹೊರೆಗಲ್ಲಿಗೆ.

ಮನೆಯ ಮೇಲಿನ ಕೋಣೆಗಳನ್ನು ಬಾಡಿಗೆಗೆ ಕೊಡಲು ಶುರುಮಾಡಿದಾಗಿನಿಂದ ಅತಿಥಿಗಳ ನಾಳೆಯನ್ನು ಹೊಂದಿಸುವುದು ಅವಳ ಕೆಲಸವಾಯಿತು. ಪಕ್ಕದ ಕುರ್ಚಿಯಲ್ಲಿ ರೀನೊ ಹುರುಳಿಕಾಯಿ ನಾರು ತೆಗೆಯುತ್ತಲೋ, ಉಪ್ಪಿಗೆ ಹಾಕುವ ಸಣ್ಣ ಮೀನಿನ ತಲೆ ಕೀಳುತ್ತಲೋ ಕೂತಿರುತ್ತಿದ್ದ. ಕೊನೆಯಲ್ಲಿ ತೆಕ್ಲಾ "ರೈಲು?" ಎಂದರೆ ಇವನು ಹೊತ್ತು ಹೇಳಬೇಕು. ಸಂಸಾರದಲ್ಲಿ ಅವರಿಬ್ಬರೂ ಹಂಚಿಕೊಂಡದ್ದು ಹೀಗೆ. ಮೇಲಿನದು ಅವಳಿಗೆ, ಒಳಗಿನದು ಇವನಿಗೆ.

ಅವಳು ಸತ್ತಾಗ ಅವನಿಗೆ ಅಳು ಬರಲಿಲ್ಲ. ಬಂದೀತು ಎಂದು ಕಾದ. ಹೆಣದ ಪೆಟ್ಟಿಗೆಯನ್ನು ಹೊತ್ತು ಸ್ಮಶಾನದ ಏರು ಹತ್ತುವಾಗ ಇವನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ, ಒಲೆಯ ಗ್ಯಾಸು ಆರಿಸಿದೆನೋ ಇಲ್ಲವೋ. ಆಮೇಲೂ ಹಾಗೆಯೇ. ಉಂಡರೆ ಉಪ್ಪು ತಿಳಿಯುತ್ತಿರಲಿಲ್ಲ. ಯಾರಾದರೂ ಭುಜ ತಟ್ಟಿದರೆ ಇನ್ಯಾರದೋ ಭುಜ ತಟ್ಟಿದ ಹಾಗೆ. ಎಮ್ಮೆ ಮೇಲೆ ಮಳೆ ಹೊಯ್ದ ಹಾಗಿದ್ದಾನೆ ಎಂದು ಹೆಂಗಸರು ಆಡಿಕೊಂಡರು. ಆಡಿಕೊಂಡದ್ದು ಕಿವಿಗೆ ಬಿತ್ತು. ಅದೂ ಅವನಿಗೆ ತಾಕಲಿಲ್ಲ.

ವಸಂತ ಬಂದು ಅತಿಥಿಗಳು ಬರತೊಡಗಿದಾಗ ಮಗಳು ಮಿರೆಲ್ಲಾ ಕೋಣೆಗಳ ಜವಾಬ್ದಾರಿ ಹೊತ್ತಳು. ಅಚ್ಚು ಹಾಕಿಸಿದ ನಕ್ಷೆಗಳನ್ನು ತಂದು ಬಾಗಿಲ ಬಳಿ ಇಟ್ಟಳು. ಮೊದಲ ಸಂಜೆ ಒಬ್ಬ ಅತಿಥಿ ಆ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ, "ಇದ್ರಲ್ಲಿ ಯಾವ ದಾರಿ ಒಳ್ಳೇದು?" ಎಂದು ಕೇಳಿದ. ರೀನೊ ನಕ್ಷೆಯನ್ನು ಮಡಿಸಿ ಪಕ್ಕಕ್ಕಿಟ್ಟು ರೊಟ್ಟಿಯ ತುದಿ ಮುರಿದ. "ಚರ್ಚಿನ ಹಿಂದಿನ ಮೆಟ್ಟಿಲು ಹತ್ತಿ," ಎಂದ. ಒಲೆಯ ಮುಂದಿದ್ದ ಮಿರೆಲ್ಲಾ ತಿರುಗಿ ನಿಂತಳು. ಅಪ್ಪನ ಬಾಯಲ್ಲಿ ಅಮ್ಮ ಮಾತಾಡುತ್ತಿದ್ದಳು, ಒಂದಕ್ಷರ ಆಚೀಚೆ ಇಲ್ಲದೆ. ಅವಳು ಒಲೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ರೀನೊ ಮಾತ್ರ ಗಿಣಿಪಾಠ ಒಪ್ಪಿಸಿದ ಹುಡುಗನಂತೆ ಮುಗಿಸಿ, ರೈಲಿನ ಹೊತ್ತು ಹೇಳಿ ಮಲಗಲು ಹೋದ.

ಹಾಗೆ ದಿನಾ ನಡೆಯಿತು. ಏನೂ ಅನ್ನಿಸದ ಬದುಕಿನಲ್ಲಿ ಅವನಿಗೆ ಬೇಕೆನಿಸಿದ ಒಂದೇ ಸಂಗತಿ ಆ ಮಾತುಗಳು. ಬೇರೆಲ್ಲ ಹೋಗಿತ್ತು. ಅವಳ ಬಟ್ಟೆಗಳನ್ನು ಮಿರೆಲ್ಲಾ ಚರ್ಚಿಗೆ ಕೊಟ್ಟಿದ್ದಳು. ಅವಳ ಮುಖವನ್ನು ನೆನೆಸಿಕೊಂಡರೆ ಫೋಟೊದ ಮುಖ ಬರುತ್ತಿತ್ತು. ಮಾತು ಮಾತ್ರ ಪೂರ್ತಿಯಾಗಿ, ಜೀವಂತವಾಗಿ ಅವನ ನಾಲಿಗೆಯ ಮೇಲಿತ್ತು.

ಆದರೆ ಬೆಟ್ಟ ಮಾತಿಗೆ ಕಾಯುವುದಿಲ್ಲ. ಅತಿಥಿಗಳು ಸಂಜೆ ಬಂದು ಒಂದೊಂದೇ ದೂರು ಹೇಳತೊಡಗಿದರು. ವಾಲಿದ ಅಂಜೂರದ ಮರದ ಹತ್ತಿರ ಬಲಕ್ಕೆ ಎಂದಿರಿ, ಅಲ್ಲಿ ಅಂಜೂರವೇ ಇಲ್ಲ. ಮಳೆಗೆ ಕುಸಿದ ಗೋಡೆಯ ಜೊತೆ ಅದೂ ಹೋಗಿತ್ತು. ಬೊಗಳುವ ಬಿಳಿ ನಾಯಿಯ ಮನೆ ದಾಟಿ ಎಂದಿರಿ, ಯಾವ ನಾಯಿಯೂ ಬೊಗಳಲಿಲ್ಲ. ನಾಯಿ ಸತ್ತು ತಿಂಗಳುಗಳಾಗಿದ್ದವು. ತೆಕ್ಲಾ ಇದ್ದಿದ್ದರೆ ಹತ್ತಿ ನೋಡಿ ಮಾತು ಬದಲಿಸುತ್ತಿದ್ದಳು. ರೀನೊ ಅಂಜೂರವನ್ನು ಬಿಟ್ಟ. ನಾಯಿಯನ್ನು ಬಿಟ್ಟ. ಒಂದೊಂದನ್ನು ಬಿಟ್ಟಾಗಲೂ ಅವಳು ಅಷ್ಟಷ್ಟು ಸವೆದಳು. ಹೀಗೇ ಬಿಡುತ್ತ ಹೋದರೆ ಒಂದು ದಿನ ಬಾಗಿಲ ಬಳಿಯ ನಕ್ಷೆಗೂ ತನ್ನ ಮಾತಿಗೂ ವ್ಯತ್ಯಾಸವೇ ಇರುವುದಿಲ್ಲ ಎಂಬ ಭಯ ಅವನನ್ನು ಹಿಡಿಯಿತು. ಅವನೊಳಗೆ ಆಗ ಉಸಿರಾಡುತ್ತಿದ್ದುದು ಆ ಭಯವೊಂದೇ.

ಹಾಗಿರುವಾಗ ತೊರಿನೋದಿಂದ ಬಂದ ಒಬ್ಬ ಮೇಷ್ಟರು ಮತ್ತು ಅವರ ಹೆಂಡತಿ ಮೂರನೇ ಹೊರೆಗಲ್ಲಿನ ದೂರು ತಂದರು.

ಮೂರನೇ ಹೊರೆಗಲ್ಲಿನ ಬಗ್ಗೆ ತೆಕ್ಲಾಳ ಮಾತು ಹೀಗಿತ್ತು: "ಅಲ್ಲಿಗೆ ದಾರಿ ಬಿಟ್ಟು ಎಡಕ್ಕೆ ಹೋಗಿ. ಕಲ್ಲಿನ ಹತ್ರ ಸ್ವಲ್ಪ ಹೊತ್ತು ಕೂತಿರಿ. ಆಮೇಲೆ ಬಂದ ದಾರೀಲೇ ವಾಪಸ್ಸು."

"ಸಿಗ್ನೋರೆ, ತಪ್ಪು ತಿಳೀಬೇಡಿ," ಎಂದರು ಮೇಷ್ಟರು. "ಆ ಎಡಗಡೆ ಕಾಲುದಾರಿಗೆ ಕೆಂಪು ಬಿಳಿ ಪಟ್ಟಿನೇ ಇಲ್ಲ. ಪೂರ್ತಿ ಮುಳ್ಳು. ನುಗ್ಗಿಕೊಂಡು ಹೋದ್ವಿ. ಕೊನೇಲಿ ಒಂದು ಕಲ್ಲಿದೆ, ಅಷ್ಟೇ. ಊರೂ ಕಾಣಲ್ಲ, ಗುಡೀನೂ ಕಾಣಲ್ಲ."

"ಸಮುದ್ರ ಕಾಣುತ್ತಲ್ಲ," ಎಂದ ರೀನೊ.

"ಸಮುದ್ರ ಎಲ್ಲಾ ಕಡೆಯಿಂದ್ಲೂ ಕಾಣುತ್ತೆ," ಎಂದು ಮೇಷ್ಟರ ಹೆಂಡತಿ ಮೊಣಕೈ ತಿರುಗಿಸಿ ತೋರಿಸಿದರು. ಮಣಿಕಟ್ಟಿನವರೆಗೆ ಗೀರುಗಳು.

ಅವರು ಮೇಲೆ ಹೋದ ಮೇಲೆ ಮಿರೆಲ್ಲಾ ತಟ್ಟೆಗಳನ್ನು ಜೋಡಿಸುತ್ತ ಹೇಳಿದಳು. "ಅಪ್ಪಾ, ಆ ಎಡಗಡೇದು ಬಿಟ್ಬಿಡು."

"ಬಿಡಲ್ಲ."

"ಅಂಜೂರ ಬಿಟ್ಟೆ, ನಾಯಿ ಬಿಟ್ಟೆ, ಇದ್ರಲ್ಲೇನಿದೆ? ಅವರು ಇಂಟರ್ನೆಟ್ಟಲ್ಲಿ ಬರೀತಾರೆ. ಮುದುಕ ಮುಳ್ಳಿಗೆ ಕಳಿಸ್ತಾನೆ ಅಂತ."

"ಬರೀಲಿ. ಅಂಜೂರ ಬಿದ್ದುಹೋಯ್ತು, ಬಿಟ್ಟೆ. ನಾಯಿ ಸತ್ತುಹೋಯ್ತು, ಬಿಟ್ಟೆ. ಕಲ್ಲು ಅಲ್ಲೇ ಇದೆ ಅಂತ ಅವರೇ ಹೇಳಿದ್ರಲ್ಲ."

"ಅಮ್ಮ ಯಾಕೆ ಕಳಿಸ್ತಿದ್ಳು ಅಂತ ನಿಂಗೆ ಗೊತ್ತಾ?"

ರೀನೊಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷ ಪಕ್ಕದಲ್ಲೇ ಕೂತು ಕೇಳಿದ್ದ, ಯಾಕೆ ಎಂದು ಕೇಳಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಮಿರೆಲ್ಲಾ ಒದ್ದೆ ಕೈ ಒರೆಸಿಕೊಂಡು ಅವನೆದುರು ಕೂತಳು. ಅವಳಿಗೆ ಸಿಟ್ಟಿರಲಿಲ್ಲ, ಸುಸ್ತಾಗಿತ್ತು. "ಹಾಗಾದ್ರೆ ನೀನೇ ಹೋಗಿ ನೋಡ್ಕೊಂಡು ಬಾ. ಅಲ್ಲಿ ಏನಾದ್ರೂ ಇದ್ರೆ ಇರ್ಲಿ, ನಾನೇ ಕುಡುಗೋಲು ತಗೊಂಡು ಹೋಗಿ ಮುಳ್ಳು ಸವರ್ತೀನಿ. ಏನೂ ಇಲ್ದಿದ್ರೆ ಬಿಡ್ತೀನಿ ಅಂತ ಮಾತು ಕೊಡು."

ರೀನೊ ಮಾತು ಕೊಟ್ಟ.

ಮಾರನೆಯ ದಿನ ಮಧ್ಯಾಹ್ನ, ಬಿಸಿಲು ಸ್ವಲ್ಪ ವಾಲಿದ ಮೇಲೆ, ರೀನೊ ಚರ್ಚಿನ ಹಿಂದಿನ ಮೆಟ್ಟಿಲ ಮೇಲೆ ಕಾಲಿಟ್ಟ. ಬಾರಿನ ಮುಂದೆ ಇಸ್ಪೀಟಾಡುತ್ತಿದ್ದವರು ಎಲೆ ಕೆಳಗಿಟ್ಟು ನೋಡಿದರು. "ಹೆಗ್ಗಣ ಮೇಲೆ ಹೊರಟ್ತಪ್ಪೋ, ಪ್ರವಾಹ ಬರೋ ಹಾಗಿದೆ," ಎಂದ ಒಬ್ಬ. ಇನ್ನೊಬ್ಬ, "ಇಳಿಯೋವಾಗ ಕೂಗು, ಬುಟ್ಟಿ ಕಳಿಸ್ತೀವಿ," ಎಂದ. ರೀನೊ ತಿರುಗಿ ನೋಡಲಿಲ್ಲ. ತೆಕ್ಲಾಳ ಮಾತನ್ನು ಬಾಯೊಳಗೇ ಹೇಳಿಕೊಳ್ಳುತ್ತ ಹತ್ತಿದ.

ಮೊದಲನೇ ಹೊರೆಗಲ್ಲು ಬರುವ ಹೊತ್ತಿಗೆ ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಮಂಡಿಯ ಮೇಲೆ, ಮೆಟ್ಟಿಲು ಕಟ್ಟಿದವರ ಮೇಲೆ, ಸತ್ತವಳ ಮೇಲೆ. ಕೂರಬೇಡಿ ಎಂದಿದ್ದಳು, ಕೂರಲಿಲ್ಲ. ಎರಡನೆಯದರ ಬಳಿ ನೀರು ಕುಡಿದ. ಅಲ್ಲಿಂದಾಚೆ ಸಿಟ್ಟು ಇಳಿಯುತ್ತದೆ ಎಂದಿದ್ದಳು, ಇಳಿಯಿತು. ಅವಳ ಮಾತು ಸುಳ್ಳಾಗಿರಲಿಲ್ಲ. ದಾರಿ ಗೋಡೆಗಳ ನಡುವೆ ಮಟ್ಟವಾಗಿ ಸಾಗಿತು. ಚಪ್ಪರದಡಿಯ ದ್ರಾಕ್ಷಿ ಇನ್ನೂ ಕಾಳುಮೆಣಸಿನಷ್ಟಿತ್ತು. ಚೆನ್ನಾಗಿದೆ ಎಂದು ಅವನಿಗೆ ತಿಳಿಯಿತು, ಚೆನ್ನಾಗಿದೆ ಎಂದು ಅನ್ನಿಸಲಿಲ್ಲ.

ಮೂರನೆಯ ಕಲ್ಲಿನ ತಿರುವಿಗೆ ಸ್ವಲ್ಪ ಮುಂಚೆ ಕೊಲೊಂಬಾಳ ತಾಕು. ಕೊಲೊಂಬಾ ತೆಕ್ಲಾಳ ಬಾಲ್ಯದ ಗೆಳತಿ, ಜೊತೆಗೆ ಹೊರೆ ಹೊತ್ತವಳು. ಬೆನ್ನು ಬಾಗಿದ್ದರೂ ತಾಕು ಬಿಟ್ಟಿರಲಿಲ್ಲ. ಚಪ್ಪರದ ಕೆಳಗೆ ಮಂಡಿಯೂರಿ ಬಳ್ಳಿ ಕಟ್ಟುತ್ತಿದ್ದವಳು ಹೆಜ್ಜೆಯ ಸದ್ದಿಗೆ ತಲೆಯೆತ್ತಿದಳು.

"ನನ್ನ ಕಣ್ಣು ಮಂಜಾಗಿದೆ ಅಂತ ಡಾಕ್ಟರು ಹೇಳಿದ್ದು ನಿಜ ಆಯ್ತು. ರೀನೊ ಕಂಡ ಹಾಗಾಗ್ತಿದೆ."

"ನಾನೇ."

"ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ ಅಂತಾರೆ. ನಿಂಗೆ ನೀರಿಗೆ ಬರೋಕೆ ಒಂದು ಆಯಸ್ಸೇ ಬೇಕಾಯ್ತಲ್ಲೋ. ಅವಳಿದ್ದಾಗ ಬಂದಿದ್ರೆ ಗಂಟೇನು ಹೋಗ್ತಿತ್ತು?"

ರೀನೊ ಗೋಡೆಗೆ ಒರಗಿ ಉಸಿರು ತೆಗೆದುಕೊಂಡ. "ಮೂರನೇ ಹೊರೆಗಲ್ಲು ಎಲ್ಲಿ?"

ಕೊಲೊಂಬಾ ಕೈಯಲ್ಲಿದ್ದ ಕಟ್ಟನ್ನು ಬಿಗಿದು, ತುದಿ ಮುರಿದು, ಗೋಡೆ ಹಿಡಿದು ಎದ್ದಳು. "ಬಾ," ಎಂದಳು.

ಮುಳ್ಳು ನಿಜವಾಗಿಯೂ ದಟ್ಟವಾಗಿತ್ತು. ಕೊಲೊಂಬಾ ಕುಡುಗೋಲಿನಿಂದ ಸವರುತ್ತ ಮುಂದೆ ನಡೆದಳು. "ಇದನ್ನ ಅವಳೇ ಸವರ್ತಿದ್ಳು. ಅವಳು ಹೋದ್ಮೇಲೆ ಯಾರಿಗೆ ಬೇಕು."

"ಇದು ದಾರಿ ಮೇಲಿಲ್ಲ," ಎಂದ ರೀನೊ. "ಹೊರೆ ಹೊತ್ತವರು ಇಲ್ಲೀವರೆಗೂ ಯಾಕೆ ಬರ್ತಿದ್ರು?"

"ಯಾವಳು ಬರ್ತಾಳೆ? ತಲೆ ಮೇಲೆ ಬುಟ್ಟಿ ಇಟ್ಕೊಂಡು, ಸುಧಾರಿಸ್ಕೊಳ್ಳೋಕೆ ಅಂತ ಇನ್ನೂ ಅಷ್ಟು ದೂರ ನಡಿಯೋಳು ಹುಚ್ಚಿ. ಮೂರನೇದು ಅಂತ ಹೊರೆಗಲ್ಲೇ ಇಲ್ಲಪ್ಪಾ ಈ ದಾರೀಲಿ. ಇರೋದು ಎರಡೇ. ಇದನ್ನ ಅವಳೇ ಕೂರಿಸಿದ್ದು. ಮದುವೆ ಆದ ವರ್ಷ. ನಾನೇ ಚಪ್ಪಡಿ ಹಿಡ್ಕೊಂಡಿದ್ದೆ. ಕಾಲ ಮೇಲೆ ಬಿತ್ತು, ಈ ಉಗುರು ನೋಡು, ಇವತ್ತಿಗೂ ನೆಟ್ಟಗೆ ಬರಲ್ಲ."

ಮುಳ್ಳು ಮುಗಿಯಿತು. ಗೋಡೆಯೊಳಗೆ ತಲೆಯೆತ್ತರಕ್ಕೆ ಚಪ್ಪಡಿ, ಅದರ ಕೆಳಗೆ ಕೂರಲು ಒಂದು ಗಿಡ್ಡ ಕಲ್ಲು. ಮೇಷ್ಟರು ಹೇಳಿದ್ದು ಸುಳ್ಳಲ್ಲ. ಊರು ಕಾಣುತ್ತಿರಲಿಲ್ಲ, ಗುಡಿ ಕಾಣುತ್ತಿರಲಿಲ್ಲ. ರೀನೊ ಅಂಚಿಗೆ ಬಂದು ಕೆಳಗೆ ಇಣುಕಿದ. ಬಂಡೆಯ ಬುಡದಲ್ಲಿ ಎರಡು ಸುರಂಗಗಳ ಬಾಯಿ. ಅವುಗಳ ನಡುವೆ, ಬಯಲಿಗೆ ತೆರೆದ ಹಳಿಯ ಒಂದು ತುಂಡು.

ಅವನು ಆ ತುಂಡನ್ನು ಬಲ್ಲ. ಕಣ್ಣು ಕಟ್ಟಿದರೂ ಬಲ್ಲ. ಮೇಲಿನಿಂದ ನೋಡಿರಲಿಲ್ಲ ಅಷ್ಟೆ.

"ಮಧ್ಯಾಹ್ನದ ಗಾಡಿ ನಿಂದೇ ಇರ್ತಿತ್ತಲ್ಲ," ಎಂದಳು ಕೊಲೊಂಬಾ. "ಅದು ಬರೋ ಹೊತ್ತಿಗೆ ಅವಳು ಬುಟ್ಟಿ ತಗೊಂಡು ಇಲ್ಲಿ ಹಾಜರು. ತಾಕಲ್ಲಿ ಎಷ್ಟೇ ಕೆಲಸ ಇರ್ಲಿ. ಗಾಡಿ ಹೊರಗೆ ಬಂದ ಕೂಡ್ಲೇ ತಲೆವಸ್ತ್ರ ಬಿಚ್ಚಿ ಬೀಸೋಳು. ಅಷ್ಟರಲ್ಲಿ ನೀನು ಆಚೆ ತೂತಿನೊಳಗೆ. ಬೈಕೊಂಡು ವಾಪಸ್ಸು ಬರೋಳು. 'ಇವತ್ತೂ ತಲೆ ಎತ್ತಲಿಲ್ಲ ಆ ಕತ್ತೆ' ಅಂತ."

ರೀನೊ ಹಳಿಯನ್ನೇ ನೋಡುತ್ತಿದ್ದ. ಮಧ್ಯಾಹ್ನದ ಗಾಡಿಯಲ್ಲಿ ಈ ಸುರಂಗದಿಂದ ಹೊರಬಂದರೆ ಸಮುದ್ರದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಆದ್ದರಿಂದ ಸುರಂಗದ ಬಾಯಿಗೆ ಮುಂಚೆಯೇ ಕೈ ಮೇಲೆ ಹೋಗಿ ಮುಂಗಾಜಿನ ಬಿಸಿಲುಪರದೆಯನ್ನು ಎಳೆದುಬಿಡುತ್ತಿತ್ತು. ಪ್ರತಿ ದಿನ. ಹೊಸಬರಿಗೆ ಕಲಿಸುವಾಗಲೂ ಅವನು ಹೇಳಿಕೊಡುತ್ತಿದ್ದ, ಇಲ್ಲಿ ಪರದೆ ಎಳೀರಿ ಎಂದು.

"ನನಗೆ ಯಾಕೆ ಹೇಳಲಿಲ್ಲ?" ಎಂದ. ಧ್ವನಿ ಅವನಿಗೇ ಒರಟಾಗಿ ಕೇಳಿಸಿತು. "ಒಂದು ಮಾತು. ಅಡುಗೆಮನೇಲಿ ಕೂತಾಗ ಒಂದೇ ಒಂದು ಮಾತು."

"ನಾನೂ ಕೇಳಿದ್ದೆ. ಹೇಳಿದ್ರೆ ನೋಡ್ತಾನೆ, ಹೇಳ್ದೆ ನೋಡ್ಲಿ ಅಂದ್ಳು."

ರೀನೊ ಗಿಡ್ಡ ಕಲ್ಲಿನ ಮೇಲೆ ಕೂತ. ಈಗಲಾದರೂ ಅಳು ಬರಬಹುದೆಂದು ಕಾದ. ಬರಲಿಲ್ಲ. ಬಂದದ್ದು ನಾಚಿಕೆ. ಅದು ಕಿವಿಯ ತುದಿಯವರೆಗೆ ಬಿಸಿಯಾಗಿ ಹರಡಿತು. ಎಷ್ಟೋ ತಿಂಗಳ ಮೇಲೆ ಮೈಗೆ ಬಿಸಿ ತಾಕಿದ್ದು ಅದೇ ಮೊದಲು.

"ನಾನು ಕೆಲಸ ಬಿಟ್ಟ ಮೇಲೆ ಬರೋದು ನಿಲ್ಲಿಸಿರಬೇಕು," ಎಂದ. ಹಾಗಿರಲಿ ಎಂಬ ಆಸೆ ಅವನಿಗಿತ್ತು.

"ಎಲ್ಲಿ ನಿಲ್ಲಿಸ್ತಾಳೆ? ಕಳೆದ ಸುಗ್ಗೀಲೂ ಬಂದಿದ್ಳು. ಮೈಯಲ್ಲಿ ಶಕ್ತಿ ಇರ್ಲಿಲ್ಲ, ನನ್ನ ಹೆಗಲು ಹಿಡ್ಕೊಂಡು ಬಂದ್ಳು. ನಿನ್ನ ಗಂಡ ಮನೇಲಿ ಮೀನಿನ ತಲೆ ಕೀಳ್ತಾ ಕೂತಿದಾನೆ, ಇಲ್ಲಿ ಯಾರಿಗೆ ಬೀಸ್ತೀಯೇ ಅಂದೆ. ಯಾರೋ ಒಬ್ಬ ಓಡಿಸ್ತಿರ್ತಾನಲ್ಲ, ಅವನೂ ಕತ್ತಲೆಯಿಂದ ಹೊರಗೆ ಬಂದಿರ್ತಾನೆ ಅಂದ್ಳು."

ಕೊಲೊಂಬಾ ಸೊಂಟಕ್ಕೆ ಕುಡುಗೋಲು ಸಿಗಿಸಿಕೊಂಡಳು. "ನಂಗೆ ಬಳ್ಳಿ ಕಟ್ಟೋದಿದೆ. ನೀನು ಕೂತಿರು. ಇಳಿಯೋವಾಗ ಕಾಲು ಅಡ್ಡ ಇಡು, ನೆಟ್ಟಗಿಟ್ರೆ ಮೂತಿ ಒಡ್ಕೋತೀಯ." ಅವಳು ಮುಳ್ಳಿನ ನಡುವೆ ಮರೆಯಾದಳು.

ರೀನೊ ಕೂತಿದ್ದ. ಮಧ್ಯಾಹ್ನದ ಗಾಡಿ ಬರುವುದು ಅವನಿಗೆ ಗೊತ್ತಿತ್ತು. ಮೊದಲು ಬಂಡೆಯೊಳಗೆ ಗುಡುಗು ಉರುಳಿತು. ಆಮೇಲೆ ಗಾಡಿ ಹೊರಬಂತು. ಅವನು ಎದ್ದು ನಿಂತ. ಟೋಪಿ ತೆಗೆದ. ಕೈ ಎತ್ತಿದ. ಎಂಜಿನ್ನಿನ ಮುಂಗಾಜಿನ ಮೇಲೆ ಪರದೆ ಇಳಿದಿದ್ದು ಅವನಿಗೆ ಇಲ್ಲಿಂದಲೇ ಸ್ಪಷ್ಟವಾಗಿ ಕಾಣಿಸಿತು. ಯಾವ ಹುಡುಗನೋ, ಇವನೇ ಕಲಿಸಿದವರಲ್ಲಿ ಒಬ್ಬ ಕಲಿಸಿದವನೋ ಏನೋ. ಗಾಡಿ ಆಚೆಯ ಬಾಯೊಳಗೆ ಹೋಯಿತು. ಎತ್ತಿದ ಕೈಯನ್ನು ಇಳಿಸುವುದು ಹೇಗೆಂದು ಅವನಿಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲ.

ಇಳಿಯುವಾಗ ಕಾಲು ಅಡ್ಡ ಇಟ್ಟುಕೊಂಡೇ ಇಳಿದ. ಬಾರಿನ ಮುಂದಿನವರು ಏನೋ ಅಂದರು, ಇವನೂ ಏನೋ ಅಂದ. ಮನೆಯಲ್ಲಿ ಮಿರೆಲ್ಲಾ ಬಾಗಿಲಲ್ಲೇ ಕಾಯುತ್ತಿದ್ದಳು. ಅವನ ಕೈಯ ಗೀರುಗಳನ್ನು ನೋಡಿದಳು.

"ಏನಿತ್ತಪ್ಪಾ ಅಲ್ಲಿ?"

"ಏನೂ ಇಲ್ಲ," ಎಂದ ರೀನೊ. ಟೋಪಿಯನ್ನು ಗೂಟಕ್ಕೆ ಸಿಗಿಸಿ, "ಕುಡುಗೋಲು ಎಲ್ಲಿಟ್ಟಿದೀಯ? ನಾಳೆ ನಾನೂ ಬರ್ತೀನಿ," ಎಂದ.

ಮಿರೆಲ್ಲಾ ಅಪ್ಪನ ಮುಖವನ್ನೊಮ್ಮೆ ನೋಡಿ, ಸಾರು ಬಡಿಸಲು ಹೋದಳು.

ಆ ಸಂಜೆ ಬೆರ್ಗಮೋ ಕಡೆಯಿಂದ ಹೊಸ ಅತಿಥಿಗಳು ಬಂದಿದ್ದರು, ಒಬ್ಬ ನರ್ಸಮ್ಮ ಮತ್ತು ಅವಳ ತಂಗಿ. ಊಟ ಮುಗಿಯಿತು. ರೀನೊ ರೊಟ್ಟಿಯ ತುದಿ ಮುರಿದು ಬೆಟ್ಟ ಮಾಡಿದ, ಬಿರಡೆಯನ್ನು ನೆತ್ತಿಯ ಮೇಲಿಟ್ಟ. ಚರ್ಚಿನ ಹಿಂದಿನ ಮೆಟ್ಟಿಲು ಹತ್ತಿಸಿದ. ಮೊದಲನೆಯದು, ಎರಡನೆಯದು. ಅಕ್ಕತಂಗಿಯರು ನಕ್ಕರು.

"ಮೂರನೇ ಹೊರೆಗಲ್ಲಿಗೆ ದಾರಿ ಬಿಟ್ಟು ಎಡಕ್ಕೆ ಹೋಗಿ. ಕಲ್ಲಿನ ಹತ್ರ ಸ್ವಲ್ಪ ಹೊತ್ತು ಕೂತಿರಿ," ಎಂದ. ಮಾತು ಅಲ್ಲಿಗೆ ನಿಂತಿತು. ಮುಂದಿನದು ಬಂದ ದಾರಿಯಲ್ಲೇ ವಾಪಸ್ಸು ಎಂಬುದು. ಅದು ಬಾಯಿಗೆ ಬರಲಿಲ್ಲ. ಒಲೆಯ ಮುಂದೆ ಮಿರೆಲ್ಲಾ ಕೈ ನಿಲ್ಲಿಸಿದಳು.

"ಕೆಳಗೆ ರೈಲು ಬರುತ್ತೆ," ಎಂದ ರೀನೊ. ಇದು ತೆಕ್ಲಾ ಯಾವತ್ತೂ ಹೇಳಿದ ಮಾತಲ್ಲ. "ಸುರಂಗದಿಂದ ಹೊರಗೆ ಬಂದ ಕೂಡ್ಲೇ ಎದ್ದು ನಿಂತು ಕೈ ಬೀಸಿ."

"ಯಾರಿಗೆ?" ಎಂದಳು ನರ್ಸಮ್ಮ. "ಗಾಡಿ ಓಡಿಸೋರಿಗಾ? ಅವರಿಗೆ ಅಷ್ಟು ಮೇಲೆ ಕಾಣುತ್ತಾ?"

ರೀನೊ ಮೇಜಿನ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದ.

"ಕಾಣಲ್ಲ," ಎಂದ. "ಬೀಸಿ."